ಐದನೆಯ ಉಜ್ಜು

ಮೂವತ್ತೆರಡು ಅಡಿಯ ಆ ದೋಣಿಯನ್ನು ನೀರಿನಿಂದೆತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದ ಸೋಮವಾರ, ಮಾವ ಅದರ ಮೈಗೆ ಅಂಗೈ ಒತ್ತಿ ಒಂದು ಮೊಳ ಎಳೆದರು. ಸುಣ್ಣದ ಗೋಡೆಗೆ ಒರಗಿದವನ ಬೆನ್ನಿಗೆ ಹತ್ತುವಂತೆ ಅವರ ಕೈಗೆ ಬಿಳಿಯ ಪುಡಿ ಹತ್ತಿತು. ಹನ್ನೆರಡು ವರ್ಷದ ಬಿಸಿಲು, ಉಪ್ಪುನೀರು ಸೇರಿ ಆ ಫೈಬರ್ ದೋಣಿಯ ಹೊಳಪನ್ನು ತಿಂದು ಮುಗಿಸಿದ್ದವು. ಮಾವ ಆ ಕೈಯನ್ನು ಮೊದಲು ಹಿರಿಯಳಿಯನ ಮೂಗಿನ ಮುಂದೆ, ಆಮೇಲೆ ಕಿರಿಯಳಿಯನ ಮೂಗಿನ ಮುಂದೆ ಹಿಡಿದರು.

"ಶನಿವಾರ ಹತ್ತು ಗಂಟೆಗೆ ತಪಾಸಣೆಯವರು ಬರ್ತಾರೆ. ಈ ಮೈ ಕಂಡರೆ ಜನ ಹತ್ತಿಸೋಕೆ ಪರವಾನಗಿ ಕೊಡ್ತಾರಾ? ಎಡಮೈ ನಿಂದು, ಬಲಮೈ ನಿಂದು. ಯಾರ ಕಡೆ ನನ್ನ ಮುಖ ಸರಿಯಾಗಿ ಕಾಣುತ್ತೋ, ಅರ್ಜಿಯಲ್ಲಿ ಅವನ ಹೆಸರು."

ಅರ್ಜಿಯಲ್ಲಿ ಚುಕ್ಕಾಣಿ ಹಿಡಿಯುವವನ ಹೆಸರಿಗೆ ಇದ್ದದ್ದು ಒಂದೇ ಸಾಲು. ಈವರೆಗೆ ಅಲ್ಲಿ ಮಾವನ ಹೆಸರಿತ್ತು. ಎಪ್ಪತ್ತೈದು ತುಂಬಿದವರ ಹೆಸರನ್ನು ಇನ್ನು ಬರೆಯುವಂತಿಲ್ಲವೆಂದು ಕಚೇರಿಯಿಂದ ಕಾಗದ ಬಂದಿತ್ತು. ಬರೆದ ಹೆಸರು ಐದು ವರ್ಷ ಅಳಿಯುವುದಿಲ್ಲ. ಉಳಿದವನು ಆ ಐದು ವರ್ಷ ದೋಣಿಯ ಮುಂದೆ ನಿಂತು ಹಗ್ಗ ಎಸೆಯಬೇಕು, ಚುಕ್ಕಾಣಿ ಹಿಡಿದವನು ಹೇಳಿದ್ದನ್ನು ಕೇಳಬೇಕು.

ಹಿರಿಯಳಿಯನಿಗೆ ಆಗ ಐವತ್ಮೂರು. ಹನ್ನೊಂದು ವರ್ಷದಿಂದ ಮಾವನ ಹೆಸರಿನಲ್ಲಿ ಚುಕ್ಕಾಣಿ ಹಿಡಿದವನು ಅವನೇ. ಬೇರೆ ಯಾವ ಕೆಲಸವೂ ಅವನಿಗೆ ಬಾರದು. ಕಲಿಯುವ ವಯಸ್ಸೂ ಮೀರಿತ್ತು. ದಡದ ಮೇಲೆ ಅವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನೀರಿನ ಮೇಲೆ ನಲವತ್ತು ಜನ ಅವನ ಬೆನ್ನು ನೋಡಿಕೊಂಡು ಸುಮ್ಮನೆ ಕೂರುತ್ತಿದ್ದರು. ಕಿರಿಯಳಿಯ ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಅವನಿಗೆ ಮೂವತ್ತಾರು. ಎಂಜಿನ್ ಶಾಲೆಯ ಪ್ರಮಾಣಪತ್ರವಿತ್ತು, ಅದಕ್ಕೆ ಗಾಜು ಹಾಕಿಸಿದ್ದ.

ಮಾವ ಸೀಮೆಸುಣ್ಣದಿಂದ ದೋಣಿಯ ಮೂತಿಯ ಏಣಿನ ಮೇಲೆ, ಅಂದರೆ ಎರಡು ಮೈಗಳೂ ಬಂದು ಕೂಡುವ ಆ ಚೂಪಾದ ಅಂಚಿನ ಮೇಲೆ, ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದರು.

"ಇದು ಗಡಿ. ದಾಟಬೇಡಿ" ಎಂದು ಹೇಳಿ ಮನೆಗೆ ಹೋದರು.

ಅವರು ಬೀದಿ ತಿರುಗುವುದರೊಳಗೆ ಜಗಳ ಹತ್ತಿತು. ದೋಣಿ ರಿಪೇರಿಯ ಆ ಅಂಗಳದಲ್ಲಿದ್ದದ್ದು ಒಂದೇ ನೀರಿನ ನಲ್ಲಿ, ಒಂದೇ ಕರೆಂಟಿನ ವೈರು.

"ಭಾವ, ವೈರು ಬಿಡಿ. ನಿಮ್ಮದು ಕೈಕೆಲಸ ತಾನೆ? ಕೈಗೆ ಕರೆಂಟು ಬೇಕಾ?"

"ಟೇಬಲ್ ಫ್ಯಾನ್ ಹಾಕ್ಕೋತೀನಿ. ನಿನಗೇನು?"

"ಹಾಕ್ಕೊಳ್ಳಿ, ಹಾಕ್ಕೊಳ್ಳಿ. ಈ ವಯಸ್ಸಲ್ಲಿ ಸೆಖೆ ಜಾಸ್ತಿ."

"ನಿನ್ನ ಪಾಲಿಶ್ ಮಷಿನ್ ಕೆಳಗಿಡು, ನಿನಗೂ ಸೆಖೆ ತೋರಿಸ್ತೀನಿ."

ಅಂಗಳದ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಒಡತಿಯನ್ನು ಎಲ್ಲರೂ ಬೀಗದಮ್ಮ ಎನ್ನುತ್ತಿದ್ದರು. ಆಕೆ ವೈರಿನ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದಳು. "ಬೆಳಗ್ಗೆ ಆರರಿಂದ ಹನ್ನೆರಡು ದೊಡ್ಡವರು. ಒಂದರಿಂದ ಏಳು ಚಿಕ್ಕವರು. ನಡುವೆ ಒಂದು ಗಂಟೆ ನನ್ನ ಕಿವಿಗೆ ರಜೆ. ಒಪ್ಪಿಗೆ ಇಲ್ಲದಿದ್ದರೆ ದೋಣಿ ಹೊತ್ಕೊಂಡು ಹೋಗಿ."

ಒಪ್ಪಿದರು. ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೇಳಬೇಕಾದದ್ದನ್ನು ಬೀಗದಮ್ಮನ ಮೂಲಕ ಹೇಳಿಕಳಿಸಿದರು. ಮಂಗಳವಾರ ಸಂಜೆಗೆ ಆಕೆ ಅದನ್ನೂ ನಿಲ್ಲಿಸಿದಳು. "ನಾನೇನು ಅಂಚೆಪೆಟ್ಟಿಗೆಯಾ? ಬೈಗುಳ ಬೇಕಾದ್ರೆ ಚೀಟಿಯಲ್ಲಿ ಬರೆದು ಬಕೆಟ್ ಕೆಳಗಿಡಿ."

ಹಿರಿಯಳಿಯನ ಕೆಲಸಕ್ಕೆ ಒಂದು ಕ್ರಮವಿತ್ತು. ಆರುನೂರನೆಯ ನಂಬರಿನ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ, ನೀರು ಬಿಟ್ಟುಕೊಂಡು, ಉದ್ದುದ್ದಕ್ಕೆ ಉಜ್ಜುವುದು. ಸತ್ತ ಪದರ ಹಾಲಿನಂತೆ ಹರಿದುಹೋಗುತ್ತದೆ. ಆಮೇಲೆ ಸಾವಿರದ್ದು, ಆಮೇಲೆ ಎರಡು ಸಾವಿರದ್ದು. ಪ್ರತಿ ಕಾಗದವೂ ಹಿಂದಿನ ಕಾಗದದ ಗೀರನ್ನು ಅಳಿಸಿ ತನ್ನ ಇನ್ನೂ ಸಣ್ಣ ಗೀರನ್ನು ಬಿಡುತ್ತದೆ. ಕೊನೆಗೆ ಉಜ್ಜುವ ಪೇಸ್ಟು, ಅದರ ಮೇಲೆ ರಕ್ಷಣೆಗೆ ಮೇಣ. ಮರೆಯಬಾರದ ಸಂಖ್ಯೆ ಒಂದೇ. ಆ ಬಿಳಿಯ ಮೇಲ್ಪದರದ ದಪ್ಪ ಇಡಿಯಾಗಿ ಅರ್ಧ ಮಿಲಿಮೀಟರು. ಅದರ ಕೆಳಗಿರುವುದು ಗಾಜಿನೆಳೆಯ ಬಟ್ಟೆ. ಎಳೆ ಬಯಲಾದರೆ ನೀರು ಒಳಗಿಳಿಯುತ್ತದೆ, ತಪಾಸಣೆಯವರು ಕಾಗದ ಮಡಚುತ್ತಾರೆ.

ಸಪಾಟಾದ ಮೈಮೇಲೆ ಒತ್ತಡ ಹಂಚಿಹೋಗುತ್ತದೆ. ಏಣಿನ ಮೇಲೆ ಅಷ್ಟೂ ಒತ್ತಡ ಒಂದೇ ಗೆರೆಗೆ ಬೀಳುತ್ತದೆ. ಆದ್ದರಿಂದ ಏಣನ್ನು ಒಂದು ಸಲ, ಹಗುರವಾಗಿ, ಒಬ್ಬನೇ ಉಜ್ಜಬೇಕು. ಹಿರಿಯಳಿಯನಿಗೆ ಇದು ಹನ್ನೊಂದು ವರ್ಷದಿಂದ ಗೊತ್ತಿತ್ತು.

ಬುಧವಾರ ಬೆಳಗ್ಗೆ ಅವನು ಎಡಮೈ ಮುಗಿಸುತ್ತ ಮೂತಿಗೆ ಬಂದ. ಸೀಮೆಸುಣ್ಣದ ಗೆರೆ ಅಷ್ಟರಲ್ಲಿ ಇರಲಿಲ್ಲ. ನೀರು ಬಿಟ್ಟು ಉಜ್ಜುವ ಕೆಲಸದಲ್ಲಿ ಸೀಮೆಸುಣ್ಣದ ಗಡಿ ಎಷ್ಟು ದಿನ ಬಾಳೀತೆಂದು ಮಾವನೂ ಯೋಚಿಸಿರಲಿಲ್ಲ. ತನ್ನ ಅಂದಾಜಿಗೆ ನಡುವೆಂದು ತೋರಿದಲ್ಲಿಯವರೆಗೆ ಉಜ್ಜಿ, ಪೇಸ್ಟು ಹಚ್ಚಿ, ಹೊಳಪು ತಂದು ಹೋದ.

ಗುರುವಾರ ಬೆಳಗ್ಗೆ ಬಂದು ನೋಡಿದರೆ ಕಿರಿಯಳಿಯನ ಮಷಿನ್ನು ಏಣನ್ನು ದಾಟಿ ಇವನ ಕಡೆಗೆ ಎರಡು ಬೆರಳು ಬಂದಿತ್ತು. ಇವನ ನೇರವಾದ ಹೊಳಪಿನ ಮೇಲೆ ಅವನ ಸುತ್ತುಸುತ್ತಾದ ಹೊಳಪು.

"ನೋಡಿದಿರಾ ಬೀಗದಮ್ಮ? ಎರಡು ಬೆರಳು ನುಂಗಿದ್ದಾನೆ."

"ಎರಡು ಬೆರಳಲ್ಲಿ ನಿಮ್ಮ ಮಾವ ಮೂಗು ನೋಡ್ಕೋತಾರಾ, ಮೀಸೆ ನೋಡ್ಕೋತಾರಾ? ಬಿಟ್ಟುಬಿಡಿ."

ಅವನು ಬಿಡಲಿಲ್ಲ. ಮೊದಲಿಂದ ಆರುನೂರರ ಕಾಗದ ತೆಗೆದು ಆ ಸುತ್ತುಗಳನ್ನೆಲ್ಲ ಅಳಿಸಿ, ಏಣನ್ನು ದಾಟಿ ಆಚೆ ಮೂರು ಬೆರಳು ಹೋದ. ಮಧ್ಯಾಹ್ನ ಕಿರಿಯಳಿಯ ಬಂದ. ಅವನು ನಾಲ್ಕು ಬೆರಳು ಈಚೆ ಬಂದ. ಬಕೆಟ್ಟಿನ ಕೆಳಗೆ ಒಂದು ಚೀಟಿಯೂ ಇತ್ತು: "ಬುಧವಾರ ಮೊದಲು ದಾಟಿದ್ದು ನೀವು. ಕನ್ನಡಕ ಬದಲಾಯಿಸಿ."

ಶುಕ್ರವಾರ ಬೆಳಗ್ಗೆ ಚೀಟಿ ಓದಿ ಹಿರಿಯಳಿಯ ಅದನ್ನು ಮುದ್ದೆ ಮಾಡಿ ಎಸೆದ. ಮರದ ತುಂಡನ್ನು ಬದಿಗಿಟ್ಟು, ಕಾಗದವನ್ನು ಬರಿಯ ಬೆರಳುಗಳ ಕೆಳಗೆ ಹಿಡಿದು, ಹಲ್ಲು ಕಚ್ಚಿ ಉಜ್ಜಿದ. ಕೈ ಉದ್ದುದ್ದಕ್ಕೆ ಓಡಿತು. ಹತ್ತು ಗಂಟೆಯ ಹೊತ್ತಿಗೆ ಹರಿಯುವ ನೀರು ಬೆಳ್ಳಗಿರುವುದನ್ನು ಬಿಟ್ಟು ಬೂದಿಯಾಯಿತು.

ಕೈ ನಿಲ್ಲಿಸಿ ಬಟ್ಟೆಯಿಂದ ಒರೆಸಿದ. ಏಣಿನ ಮೇಲೆ ಮಗುವಿನ ಅಂಗೈಯಷ್ಟು ಜಾಗದಲ್ಲಿ ಬಿಳಿಪು ಇರಲಿಲ್ಲ. ಹಸುರುಬೂದು ಬಣ್ಣದ ಎಳೆಗಳು, ಅಡ್ಡ ಒಂದು, ಉದ್ದ ಒಂದು, ಚಾಪೆಯ ಹೆಣಿಗೆಯಂತೆ ಸ್ಪಷ್ಟವಾಗಿ ಕಾಣುತ್ತಿದ್ದವು.

ಆಗಲೂ ದಾರಿಯಿತ್ತು. ಹೊಸ ಲೇಪ ಹಚ್ಚಬಹುದಿತ್ತು. ಆದರೆ ಲೇಪ ಹಚ್ಚಿದರೆ ಮಾವ ಕೇಳುತ್ತಾರೆ. ಕೇಳಿದರೆ ಪದರ ಸವೆಸಿದ್ದು ಯಾರ ಕೈಯೆಂದು ಹೇಳಬೇಕು. ಹನ್ನೊಂದು ವರ್ಷ ದುಡಿದವನು ಎಳೆ ಬಯಲು ಮಾಡಿದ, ಎರಡು ವರ್ಷದವನು ಮಾಡಲಿಲ್ಲ. ಅರ್ಜಿಯ ಆ ಸಾಲಿನಲ್ಲಿ ಆಮೇಲೆ ಯಾರ ಹೆಸರು ಬೀಳುತ್ತದೆಂದು ಎಣಿಸಲು ಕಾಗದ ಬೇಕಿರಲಿಲ್ಲ.

ಅವನು ಡಬ್ಬಿಯಿಂದ ಬಿಳಿಯ ಗಟ್ಟಿ ಮೇಣವನ್ನು ತೋರುಬೆರಳಿನಿಂದ ತೆಗೆದು ಎಳೆಗಳ ಸಂದಿಗೆ ತುಂಬಿದ. ಒಣಗಲು ಬಿಟ್ಟು, ಮತ್ತೆ ತುಂಬಿ, ಮೆತ್ತನೆಯ ಬಟ್ಟೆಯಿಂದ ತಿಕ್ಕಿದ. ನಾಲ್ಕು ಹೆಜ್ಜೆ ಹಿಂದೆ ನಿಂತರೆ ಏನೂ ಕಾಣುತ್ತಿರಲಿಲ್ಲ. ಕಿರಿಯಳಿಯನ ಭಾಗದಲ್ಲಿ ಬೇಕೆಂದೇ ಐದು ಬೆರಳಿನಷ್ಟು ನೇರ ಗೀರುಗಳನ್ನು ಬಿಟ್ಟ. ಅವನು ಬರುತ್ತಾನೆ, ಗೀರು ನೋಡುತ್ತಾನೆ, ಉರಿದುಬೀಳುತ್ತಾನೆ, ಮಷಿನ್ನು ಹಚ್ಚುತ್ತಾನೆ. ಮೇಣ ಅರ್ಧ ನಿಮಿಷವೂ ತಾಳುವುದಿಲ್ಲ. ಎಳೆ ಅವನ ಕೈಯಲ್ಲೇ ಬಯಲಾಗುತ್ತದೆ.

ಹನ್ನೆರಡಕ್ಕೆ ಮನೆಗೆ ಹೋದ. ಹೆಂಡತಿ ತಟ್ಟೆ ಇಟ್ಟು ಎದುರಿಗೆ ಕೂತಳು.

"ಇವತ್ತು ಏನು, ಮುಖ ತೊಳೆದ ಹಾಗೆ ಹೊಳೀತಿದೆ?"

"ಕೆಲಸ ಮುಗೀತು."

"ನನ್ನ ತಂಗಿ ಬೆಳಗ್ಗೆ ಫೋನ್ ಮಾಡಿದ್ಲು. ಅಕ್ಕಾ, ಇವರು ರಾತ್ರಿಯೆಲ್ಲ ನಿದ್ದೆಯಲ್ಲಿ ಭಾವನ್ನ ಬೈತಾರೆ ಅಂದ್ಲು. ನಮ್ಮನೇಲೂ ಅದೇ ಕಥೆ ಅಂದೆ. ಇಬ್ಬರೂ ನಕ್ಕೆವು."

"ನಗೋದೇನಿದೆ ಇದರಲ್ಲಿ?"

"ನೀವಿಬ್ರೂ ಸೇರಿ ನಮಗೆ ಕೊಟ್ಟಿರೋದು ಅದೊಂದೇ ಅಲ್ವೇನ್ರಿ?"

ಎರಡೂವರೆಗೆ ಮಾವನ ಫೋನು ಬಂತು. "ಬಾ" ಎಂಬ ಒಂದೇ ಮಾತು.

ಅಂಗಳದಲ್ಲಿ ಮಾವ ಕುರ್ಚಿಯಲ್ಲಿ ಕೂತಿದ್ದರು. ಕಿರಿಯಳಿಯ ಮಷಿನ್ನು ಹಿಡಿದುಕೊಂಡೇ ನಿಂತಿದ್ದ. ಅದನ್ನು ಕೆಳಗಿಡಬೇಕೆಂಬುದೂ ಅವನಿಗೆ ಹೊಳೆದಿರಲಿಲ್ಲ. ಏಣಿನ ಮೇಲೆ ಎಳೆಗಳು ಬಿಚ್ಚಿಕೊಂಡಿದ್ದವು.

"ಇದರ ಕೈಲಿ ಆಗಿರೋದು ನೋಡು" ಎಂದರು ಮಾವ. ‘ಇದು’ ಎಂದದ್ದು ಮಷಿನ್ನಿಗೋ ಅಳಿಯನಿಗೋ ತಿಳಿಯಲಿಲ್ಲ. "ನಾಳೆ ಹತ್ತು ಗಂಟೆ. ಆಗುತ್ತಾ?"

"ಈಗ ಹಚ್ಚಿದರೆ ಬೆಳಗ್ಗೆಗೆ ಗಟ್ಟಿಯಾಗುತ್ತೆ ಮಾವ. ಆರಕ್ಕೆ ಬಂದು ಹೊಳಪು ತರ್ತೀನಿ."

"ಹಾಗಾದರೆ ಅರ್ಜಿಯ ವಿಷಯ ಇನ್ನೇನು ಯೋಚಿಸೋದು." ಮಾವ ಎದ್ದರು. ಕಿರಿಯಳಿಯನ ಕಡೆ ತಿರುಗದೆ, "ನೀನು ಇವನಿಗೆ ಕೈ ಕೊಡು. ನೋಡಿಯಾದರೂ ಕಲಿ" ಎಂದು ಹೇಳಿ ಹೊರಟುಹೋದರು.

ಹಿರಿಯಳಿಯ ನೂರು ಗ್ರಾಂ ಲೇಪ ತೂಗಿದ. ಹನ್ನೆರಡು ವರ್ಷದ ಬಿಳಿಪು ಹಾಲುಬಿಳಿಪಲ್ಲ. ಒಂದು ಕಡ್ಡಿಯ ತುದಿಯಷ್ಟು ಹಳದಿ, ಅದರ ಅರ್ಧದಷ್ಟು ಕಂದು ಬೆರೆಸಬೇಕು. ಆ ಅಳತೆ ಅವನ ಕಣ್ಣಿನಲ್ಲಿತ್ತು. ಗಟ್ಟಿಯಾಗಿಸುವ ದ್ರವ ಎರಡು ಗ್ರಾಂ. ಅದನ್ನು ಬೆರೆಸಿದ ಮೇಲೆ ಹದಿನೈದು ನಿಮಿಷದಲ್ಲಿ ಹಚ್ಚಿ ಮುಗಿಸಬೇಕು. ಅದಕ್ಕೇ ಎರಡನೆಯ ಜೋಡಿ ಕೈ ಬೇಕಾಗುತ್ತದೆ.

"ಎಳೆ ಒರೆಸು. ಜಿಡ್ಡಿನಂಶ ಉಳೀಬಾರದು" ಎಂದ, ಬಟ್ಟಲಿನಿಂದ ತಲೆಯೆತ್ತದೆ. ಸೋಮವಾರದಿಂದ ಅವನ ಜೊತೆ ನೇರವಾಗಿ ಆಡಿದ ಮೊದಲ ಮಾತು.

ಕಿರಿಯಳಿಯ ಥಿನ್ನರಿನ ಬಟ್ಟೆ ಹಿಡಿದು ಬಗ್ಗಿದ. ಒಂದು ಸಲ ಒರೆಸಿದ. ಎರಡನೆಯ ಸಲ ಒರೆಸುವಾಗ ಕೈ ನಿಂತಿತು. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಎಳೆಯ ಸಂದಿನಲ್ಲಿ ಕೆದಕಿದ. ತುದಿಗೆ ಬಿಳಿಯದೊಂದು ಚೂರು ಬಂತು. ಉಗುರಿನ ಮೇಲಿಟ್ಟು ಹಿಸುಕಿದ. ಅದು ಪುಡಿಯಾಗಲಿಲ್ಲ, ಮೆತ್ತಿಕೊಂಡಿತು.

"ಭಾವ, ಇದೇನು?"

ಹಿರಿಯಳಿಯ ಬಟ್ಟಲನ್ನು ಕದಡುತ್ತಲೇ ಇದ್ದ.

"ನಾನು ಹಚ್ಚಿದ್ದು ಬರೀ ಪೇಸ್ಟು. ಮೇಣದ ಡಬ್ಬಿ ನಾನಿನ್ನೂ ಒಡೆದೇ ಇಲ್ಲ. ನನ್ನ ಮಷಿನ್ನು ಈಗಷ್ಟೇ ಎಳೆ ತೆಗೆದಿದ್ದರೆ, ಎಳೆಯೊಳಗೆ ಮೇಣ ಯಾವಾಗ ಹೋಗಿ ಕೂತ್ಕೊಂಡಿತು?" ಅವನು ಅಂಚಿನ ಮೇಲೆ ಬೆರಳೋಡಿಸಿದ. "ಗೀರೂ ನೋಡಿ. ಉದ್ದುದ್ದ. ನನ್ನ ಮಷಿನ್ನು ಯಾವತ್ತಾದರೂ ಉದ್ದಕ್ಕೆ ಗೀರಿದೆಯಾ?"

"ಹೊತ್ತಾಗ್ತಿದೆ. ಒರೆಸು."

"ಒರೆಸ್ತೀನಿ. ಪರವಾನಗಿ ಹೋದರೆ ನನಗೂ ದೋಣಿ ಇಲ್ಲ, ಅಷ್ಟು ಲೆಕ್ಕ ನನಗೂ ಬರುತ್ತೆ." ಅವನು ಒರೆಸಿದ, ಬಿಸಿಗಾಳಿಯ ಯಂತ್ರ ಹಿಡಿದು ಒಣಗಿಸಿದ. "ಹಚ್ಚಿ ಭಾವ, ಚೆನ್ನಾಗಿ ಹಚ್ಚಿ. ನಾಳೆ ಮಾವ ಪೆನ್ನು ತೆಗೆದ ಕೂಡಲೇ ನೀವೇ ಹೇಳಬೇಕು, ‘ನನಗೆ ವಯಸ್ಸಾಯ್ತು, ಕಿರಿಯವನ ಹೆಸರು ಬರೀರಿ’ ಅಂತ. ಹೇಳಿದರೆ ಈ ಮೇಣ ಇಲ್ಲಿಗೇ ಮುಚ್ಚಿಹೋಗುತ್ತೆ. ಇಲ್ಲದಿದ್ದರೆ ಮಾವನ ಮುಂದೆ ನಾನು ಬಾಯಿ ಬಿಡ್ತೀನಿ."

ಹಿರಿಯಳಿಯ ಕುಂಚ ಅದ್ದಿದ. ಮೇಲಿನಿಂದ ಕೆಳಕ್ಕೆ ಮೂರು ಪದರ ಹಚ್ಚಿದ. ಗಾಳಿ ತಾಗಿದರೆ ಲೇಪದ ಮೇಲ್ಮೈ ಅಂಟಾಗಿಯೇ ಉಳಿಯುವುದರಿಂದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆದು ಕೂರಿಸಬೇಕಿತ್ತು. ಮೇಲಿನ ಎರಡು ಮೂಲೆ ಒಬ್ಬ, ಕೆಳಗಿನ ಎರಡು ಮೂಲೆ ಒಬ್ಬ. ಅಂಟುಪಟ್ಟಿ ಹಚ್ಚುವಾಗ ಇಬ್ಬರ ಮುಖಗಳ ನಡುವೆ ಒಂದು ಗೇಣು ಅಂತರವಿತ್ತು. ಒಬ್ಬರ ಉಸಿರು ಒಬ್ಬರಿಗೆ ತಾಗುತ್ತಿತ್ತು.

"ಬೆಳಗ್ಗೆ ಎಷ್ಟು ಗಂಟೆಗೆ ಬರಲಿ?"

"ನೀನು ಬರಬೇಡ."

ಆ ಸಂಜೆ ಹಿರಿಯಳಿಯ ಮನೆಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದ. ಸುಮ್ಮನಿದ್ದರೆ: ಕಿರಿಯವನು ಬಾಯಿ ಬಿಡುತ್ತಾನೆ. ಚುಕ್ಕಾಣಿ ಹೋಯಿತು, ಮಾನ ಹೋಯಿತು. ಅವನು ಹೇಳಿದಂತೆ ಹೇಳಿದರೆ: ಚುಕ್ಕಾಣಿ ಹೋಯಿತು, ಮಾನ ಉಳಿಯಿತು. ಆದರೆ ಆ ಮಾನ ಇರುವುದು ಅವನ ಜೇಬಿನಲ್ಲಿ. ಐದು ವರ್ಷ ಹಗ್ಗ ಎಸೆಯುವುದಲ್ಲದೆ, ಅವನು ಹುಬ್ಬೆತ್ತಿದಾಗಲೆಲ್ಲ ಬಾಲ ಮುದುರಬೇಕು. ಮೂರನೆಯ ದಾರಿಯೊಂದಿತ್ತು. ಅದನ್ನು ಮೊದಲೆರಡರ ಪಕ್ಕದಲ್ಲಿಟ್ಟು ನೋಡಿದ. ಅದರಲ್ಲಿಯೂ ಚುಕ್ಕಾಣಿ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ಆದರೆ ಕಿರಿಯಳಿಯನ ಜೇಬು ಬರಿದಾಗುತ್ತಿತ್ತು. ಎಷ್ಟು ಸಲ ಕೂಡಿದರೂ ಉತ್ತರ ಅದೇ ಬಂತು.

ಶನಿವಾರ ಒಂಬತ್ತರ ಹೊತ್ತಿಗೆ ಏಣಿನ ಮೇಲಿನ ಹೊಸ ಲೇಪ ಹಳೆಯದರ ಜೊತೆ ಕೂಡಿಹೋಗಿತ್ತು. ತಪಾಸಣೆಯ ಅಧಿಕಾರಿ ಸಣ್ಣ ಸುತ್ತಿಗೆಯ ಹಿಡಿಯಿಂದ ದೋಣಿಯ ಮೈಯೆಲ್ಲ ತಟ್ಟುತ್ತ ಬಂದರು. ಏಣಿನ ಹತ್ತಿರ ನಿಂತು ಹೆಬ್ಬೆರಳಿನಿಂದ ಸವರಿದರು.

"ಇಲ್ಲಿ ಹೊಸದಾಗಿ ಹಚ್ಚಿದ್ದೀರಿ."

"ಹಚ್ಚಿದ್ದೀವಿ" ಎಂದರು ಮಾವ.

"ಚೆನ್ನಾಗಿ ಕೂತಿದೆ. ಚಾಲಕನ ಹೆಸರು ತುಂಬಿ ಕೊಡಿ." ಅವರು ಎಂಜಿನ್ ನೋಡಲು ಏಣಿ ಹತ್ತಿ ಒಳಗೆ ಹೋದರು.

ಬೀಗದಮ್ಮನ ಮೇಜಿನ ಮೇಲೆ ಅರ್ಜಿ ಹರಡಿ ಮಾವ ಪೆನ್ನಿನ ಮುಚ್ಚಳ ತೆಗೆದರು. ಕಿರಿಯಳಿಯ ಒಂದು ಸಲ ಕೆಮ್ಮಿದ.

"ಮಾವ" ಎಂದ ಹಿರಿಯಳಿಯ. "ಎಳೆ ತೆಗೆದದ್ದು ಇವನ ಮಷಿನ್ನಲ್ಲ, ನನ್ನ ಕೈ. ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ. ಮೇಣ ತುಂಬಿ ಮುಚ್ಚಿ, ಇವನ ತಲೆಗೆ ಕಟ್ಟೋಣ ಅಂತ ಬಿಟ್ಟು ಹೋದೆ. ಇವನಿಗೆ ನಿನ್ನೆಯೇ ಗೊತ್ತಾಗಿದೆ. ಹೆಸರು ಬಿಟ್ಟುಕೊಟ್ಟರೆ ನಿಮಗೆ ಹೇಳಲ್ಲ ಅಂತ ಹೇಳಿದ್ದಾನೆ."

ಕಿರಿಯಳಿಯನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಹೇಳಬೇಕೆಂದಿದ್ದ ಮಾತು ಇನ್ನೊಬ್ಬರ ಬಾಯಲ್ಲಿ ಮುಗಿದುಹೋಗಿತ್ತು. ಹಿರಿಯಳಿಯ ಅವನ ಮುಖವನ್ನು ಸಾವಕಾಶವಾಗಿ, ಒಂದೂ ಗೆರೆ ಬಿಡದಂತೆ ನೋಡಿದ. ಪಶ್ಚಾತ್ತಾಪ ಅವನಿಗೆ ಆಗಲೂ ಇರಲಿಲ್ಲ. ಆ ಒಂದು ಮುಖಕ್ಕಾಗಿಯೇ ನಿಜ ಹೇಳಿದ್ದ.

ಮಾವ ಪೆನ್ನನ್ನು ಕಾಗದದಿಂದ ಮೇಲೆತ್ತಿ ಹಿಡಿದಿದ್ದರು.

"ಎಳೆ ಬಯಲಾಗೋವರೆಗೆ ಏಣನ್ನ ಎಷ್ಟು ಸಲ ಉಜ್ಜಿದಿರಿ?"

ಇಬ್ಬರೂ ಏಣಿನ ಕಡೆ ನೋಡಿದರು.

"ಎಷ್ಟು ಸಲ ಅಂತ ಕೇಳಿದೆ."

"ಮೂರು" ಎಂದ ಹಿರಿಯಳಿಯ.

"ಎರಡು" ಎಂದ ಕಿರಿಯಳಿಯ. "ನಾನು ಕಾಗದದಿಂದಲ್ಲ ಮಾವ, ಬರೀ ಮಷಿನ್ನಿಂದ..."

"ಐದು. ಒಂದು ಸಲ ಉಜ್ಜೋ ಜಾಗದಲ್ಲಿ ಐದು ಸಲ. ಇಬ್ಬರಿಗೂ ನನ್ನ ಮಕ್ಕಳನ್ನ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ." ಮಾವ ಅರ್ಜಿಯ ಕಡೆ ಬಗ್ಗಿದರು. "ಮೂರು ಎರಡಕ್ಕಿಂತ ಹೆಚ್ಚು. ಅದರ ಮೇಲೆ ಮೇಣ ಬೇರೆ." ಕಿರಿಯಳಿಯನ ಹೆಸರನ್ನು ದಪ್ಪಕ್ಷರದಲ್ಲಿ ಬರೆದರು. ಶಾಯಿ ಆರುವ ಮೊದಲೇ ತಲೆಯೆತ್ತಿ ಅವನಿಗೆ ಹೇಳಿದರು: "ಹಲ್ಲು ಕಿರೀಬೇಡ. ನೀನು ಒಳ್ಳೆಯವನು ಅಂತಲ್ಲ ಬರೆದದ್ದು. ಗುಟ್ಟು ಮಾರೋಕೆ ಹೋದವನು ನೀನು. ಸಾಲು ಒಂದೇ ಇದೆ, ಅದಕ್ಕೆ ಬರೆದೆ."

ಬೀಗದಮ್ಮ ಸೊಂಟದ ಬೀಗದ ಕೈಗಳನ್ನು ಸದ್ದು ಮಾಡದಂತೆ ಹಿಡಿದುಕೊಂಡು ನಿಂತಿದ್ದಳು. "ನೀರಿಗಿಳಿಸೋದಾ?" ಎಂದು ಮೆಲ್ಲಗೆ ಕೇಳಿದಳು.

"ಇಳಿಸು."

ಹನ್ನೆರಡು ಗಂಟೆಗೆ ದೋಣಿ ನೀರಿಗಿಳಿಯಿತು. ಎರಡೂ ಮೈ ಕನ್ನಡಿಯಂತಿದ್ದವು. ಮಾವ ಯಾವುದರಲ್ಲಿಯೂ ಮುಖ ನೋಡಿಕೊಳ್ಳಲಿಲ್ಲ. ಕಿರಿಯಳಿಯ ಚುಕ್ಕಾಣಿಯ ಹಿಂದೆ ಹೋಗಿ ನಿಂತ. ಹಿರಿಯಳಿಯ ಮುಂದೆ ಹೋಗಿ ಹಗ್ಗದ ಸುರುಳಿಯನ್ನು ಎಡಗೈಗೆ ಹಾಕಿಕೊಂಡ. ಕಾಲನ್ನು ಹಲಗೆಗೆ ಒತ್ತಿ ನಿಂತ.

ದೋಣಿ ಕಟ್ಟುವ ಧಕ್ಕೆಯ ಕಲ್ಲುಗೋಡೆ ಹತ್ತಿರವಾಗುತ್ತಿತ್ತು. ನೀರು ಇಳಿತದಲ್ಲಿತ್ತು, ದೋಣಿಯನ್ನು ಅದು ಬಲಕ್ಕೆ ಎಳೆಯುತ್ತಿತ್ತು. ಹಿಂದಿನವನಿಗೆ ಅದು ಇನ್ನೂ ಕಂಡಿರಲಿಲ್ಲ.

"ಎಡಕ್ಕೆ ತಿರುಗಿಸು."

"ನನಗೆ ಗೊತ್ತು ಭಾವ."

"ಗೊತ್ತಿದ್ದರೆ ತಿರುಗಿಸು."

"ಚಾಲಕ ನಾನು. ನೀವು ಹಗ್ಗ ನೋಡ್ಕೊಳ್ಳಿ."

ಹಿರಿಯಳಿಯ ಹಗ್ಗ ನೋಡಿಕೊಂಡ. ಕಲ್ಲುಗೋಡೆ ಎರಡು ಮಾರು ದೂರವಿತ್ತು, ಆಮೇಲೆ ಒಂದೂವರೆ ಮಾರು. ಅವನು ಬಾಯಿ ಮುಚ್ಚಿಕೊಂಡು ಎಣಿಸುತ್ತಿದ್ದ. ಒಂದು ಮಾರಿಗೆ ಬಂದಾಗ ಹಿಂದೆ ಚುಕ್ಕಾಣಿ ಸರಕ್ಕನೆ ಎಡಕ್ಕೆ ಹೊರಳಿದ ಸದ್ದು ಕೇಳಿಸಿತು. ದೋಣಿಯ ಬಲಮೈ ಕಲ್ಲನ್ನು ತಾಗದೆ, ತಾಗುವಷ್ಟು ಹತ್ತಿರದಲ್ಲಿ ಸರಿದುಹೋಯಿತು.

ಅವನು ಹಗ್ಗ ಎಸೆದ. ಅದು ಮೊದಲನೆಯ ಎಸೆತಕ್ಕೇ ಗೂಟಕ್ಕೆ ಬಿತ್ತು. ಬಿಗಿದು ಕಟ್ಟಿ, ತಿರುಗಿ ನೋಡದೆ ದಡ ಹತ್ತಿದ.